ಬೊಜ್ಜು ಕೂಡುವ ಜಾಗ

ಹೊಟ್ಟೆಯ ಬೊಜ್ಜು, ಏರಿದ ರಕ್ತದೊತ್ತಡ, ರಕ್ತದಲ್ಲಿ ಹೆಚ್ಚಿದ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬಿನಂಶದ ಹೆಚ್ಚಳ ಮತ್ತು ರಕ್ತನಾಳಗಳಿಗೆ ಹಿತವೆಂದು ಎಣಿಸಲಾಗುವ ಎಚ್‌ಡಿಎಲ್ ಕೊಲೆಸ್ಟ್ರಾಲಿನ ಇಳಿಕೆ, ಈ ಐದರಲ್ಲಿ ಮೂರಾದರೂ ಒಬ್ಬರಲ್ಲೇ ಕೂಡಿಬಂದ ಸ್ಥಿತಿಗೆ ವೈದ್ಯಶಾಸ್ತ್ರವು ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಚಯಾಪಚಯ ದೋಷಸಮೂಹ ಎಂಬ ಹೆಸರು ಕೊಟ್ಟಿದೆ. ಸಕ್ಕರೆ ಕಾಯಿಲೆಗೂ ಹೃದಯಾಘಾತಕ್ಕೂ ಮುನ್ಸೂಚನೆಯಾದ ಈ ಸ್ಥಿತಿಯ ಚರಿತ್ರೆಯು ಬಹುಮಟ್ಟಿಗೆ, ದೇಹದಲ್ಲಿ ಬೊಜ್ಜು ಎಷ್ಟಿದೆ ಎಂದು ಕೇಳುತ್ತಿದ್ದ ವೈದ್ಯರು ಅದು ಎಲ್ಲಿ ಕೂಡಿದೆ ಎಂದು ಕೇಳಲು ಕಲಿತ ಚರಿತ್ರೆಯಾಗಿದೆ.

ಸ್ಥೂಲತೆಗೂ ಮೂತ್ರದ ಸಿಹಿಗೂ ಇರುವ ನಂಟು ಭಾರತದ ವೈದ್ಯರಿಗೆ ಹೊಸತಲ್ಲ. ಚರಕಸಂಹಿತೆಯು ಅತಿಸ್ಥೂಲನನ್ನು ಎಂಟು ಬಗೆಯ ನಿಂದಿತ ದೇಹದವರಲ್ಲಿ ಸೇರಿಸಿದ್ದಲ್ಲದೆ, ಕೂತಲ್ಲೇ ಕೂರುವ ಸುಖ, ಅತಿನಿದ್ರೆ, ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸುಗಳನ್ನು ಸಿಹಿಮೂತ್ರದ ರೋಗವನ್ನೂ ಒಳಗೊಂಡ ಪ್ರಮೇಹದ ಕಾರಣಗಳೆಂದು ಹೇಳುತ್ತದೆ. ಯುರೋಪಿನಲ್ಲಿ ಈ ದೋಷಗಳ ಒಡನಾಟವನ್ನು ಗುರುತಿಸಿದ ಮೊದಲಿಗರಲ್ಲಿ ಒಬ್ಬನಾದ ಸ್ವೀಡನ್ನಿನ ವೈದ್ಯ ಎಸ್ಕಿಲ್ ಕೀಲಿನ್, 1923ರಲ್ಲಿ ಏರಿದ ರಕ್ತದೊತ್ತಡ, ಸಕ್ಕರೆ ಮತ್ತು ಯೂರಿಕ್ ಆಮ್ಲಗಳನ್ನು ಒಂದೇ ಲಕ್ಷಣಕೂಟವಾಗಿ ವರ್ಣಿಸಿದನು. 1936ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್, ರೋಗಿಗಳಿಗೆ ಸಕ್ಕರೆಯನ್ನೂ ಇನ್ಸುಲಿನ್ನನ್ನೂ ಒಟ್ಟಿಗೆ ಕೊಟ್ಟು ನೋಡಿ, ಕೆಲವರ ದೇಹ ಇನ್ಸುಲಿನ್ನಿಗೆ ಸರಿಯಾಗಿ ಓಗೊಡುವುದಿಲ್ಲವೆಂದು ತೋರಿಸಿದನು. ಮುಂದೆ ಇನ್ಸುಲಿನ್ ಪ್ರತಿರೋಧ ಎನಿಸಿಕೊಂಡದ್ದು ಇದೇ.

ಆದರೆ ಬೊಜ್ಜಿನ ಜಾಗವನ್ನು ಪ್ರಶ್ನೆಯ ನಡುವಿಗೆ ತಂದ ಕೀರ್ತಿ ಫ್ರಾನ್ಸಿನ ಮಾರ್ಸೇಲ್ ನಗರದ ವೈದ್ಯ ಜಾನ್ ವಾಗ್‌ನದು. ದೇಹದ ಮೇಲ್ಭಾಗದಲ್ಲಿ ಕೂಡುವ ಗಂಡುಬಗೆಯ ಬೊಜ್ಜನ್ನು ನಿತಂಬ ಮತ್ತು ತೊಡೆಗಳಲ್ಲಿ ಕೂಡುವ ಹೆಣ್ಣುಬಗೆಯ ಬೊಜ್ಜಿನಿಂದ 1947ರಲ್ಲಿ ಬೇರ್ಪಡಿಸಿದ ಅವನು, ಸಕ್ಕರೆ ಕಾಯಿಲೆ, ರಕ್ತನಾಳಗಳ ಪೆಡಸು, ಗೌಟ್ ಎಂಬ ಕೀಲುನೋವು ಇವೆಲ್ಲ ಮೊದಲನೆಯದರ ಬೆನ್ನುಹತ್ತಿ ಬರುತ್ತವೆಂದು ವಾದಿಸಿದನು. ತಕ್ಕಡಿಯ ಮೇಲೆ ಒಂದೇ ತೂಕ ತೋರುವ ಇಬ್ಬರ ಭವಿಷ್ಯ ಒಂದೇ ಅಲ್ಲವೆಂಬ ಈ ಮಾತನ್ನು ವೈದ್ಯಲೋಕ ದಶಕಗಳ ಕಾಲ ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1913ರಲ್ಲಿ ಹುಟ್ಟಿದ 792 ಗಂಡಸರನ್ನು ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ 13 ವರ್ಷ ಹಿಂಬಾಲಿಸಿದ ಅಧ್ಯಯನವು, ನಿತಂಬಕ್ಕೆ ಹೋಲಿಸಿದರೆ ಸೊಂಟ ದಪ್ಪವಾದಷ್ಟೂ ಹೃದ್ರೋಗ, ಪಾರ್ಶ್ವವಾಯುಗಳು ಹೆಚ್ಚೆಂದು 1984ರಲ್ಲಿ ತೋರಿಸಿದ ಮೇಲೆ ಅವನ ಮಾತಿಗೆ ತೂಕ ಬಂತು.

1988ರಲ್ಲಿ ಅಮೆರಿಕದ ಜೆರಾಲ್ಡ್ ರೀವನ್ ಇನ್ಸುಲಿನ್ ಪ್ರತಿರೋಧವೇ ಈ ದೋಷಗಳ ಬೇರೆಂದು ಸಾರಿ ಅವಕ್ಕೆ ಸಿಂಡ್ರೋಮ್ ಎಕ್ಸ್ ಎಂದು ಹೆಸರಿಟ್ಟನಾದರೂ, ತೆಳ್ಳಗಿನವರಲ್ಲೂ ಆ ಪ್ರತಿರೋಧ ಕಾಣುವುದರಿಂದ ಬೊಜ್ಜನ್ನು ಪಟ್ಟಿಯ ಹೊರಗಿಟ್ಟನು. ಮರುವರ್ಷವೇ ನಾರ್ಮನ್ ಕಪ್ಲನ್ ಅದನ್ನು ಮತ್ತೆ ಒಳತಂದನು. ವಿಶ್ವ ಆರೋಗ್ಯ ಸಂಸ್ಥೆಯ 1998ರ ವ್ಯಾಖ್ಯೆಯು ಇನ್ಸುಲಿನ್ನಿನ ಅಳತೆಯಂಥ ಪ್ರಯೋಗಾಲಯದ ಕೆಲಸವನ್ನು ಬೇಡುತ್ತಿತ್ತು. 2001ರ ಅಮೆರಿಕನ್ ಸೂತ್ರವಾದರೋ ಅಳತೆಪಟ್ಟಿ, ರಕ್ತದೊತ್ತಡ ನೋಡುವ ಉಪಕರಣ ಮತ್ತು ಬರಿಹೊಟ್ಟೆಯ ಒಂದು ರಕ್ತಪರೀಕ್ಷೆಗೆ ಕೆಲಸವನ್ನು ಇಳಿಸಿತು. ರೋಗಿಯು ಮೊದಲು ಕಾಲಿಡುವ ಪ್ರಾಥಮಿಕ ಚಿಕಿತ್ಸಾಲಯದಲ್ಲೇ ಈ ಸ್ಥಿತಿಯನ್ನು ಗುರುತಿಸುವುದು ಸಾಧ್ಯವಾದದ್ದು ಇದರಿಂದ, ಮತ್ತು ಈ ಚರಿತ್ರೆಯಲ್ಲಿ ಜನಸಾಮಾನ್ಯರಿಗೆ ಅತಿ ಹೆಚ್ಚು ಉಪಕಾರವಾದ ತಿರುವು ಇದೇ ಎನ್ನಬೇಕು.

ಆದರೆ ಗಂಡಸರಿಗೆ 102, ಹೆಂಗಸರಿಗೆ 88 ಸೆಂಟಿಮೀಟರ್ ಎಂಬ ಆ ಸೂತ್ರದ ಸೊಂಟದ ಗಡಿ ಭಾರತೀಯರಿಗೆ ಹೊಂದುವಂಥದ್ದಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್ 2004ರಲ್ಲಿ ತಮ್ಮ ದೇಹಗಳನ್ನೇ ನಿದರ್ಶನವಾಗಿ ಮುಂದಿಟ್ಟರು. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ ಸೂಚ್ಯಂಕ ಇಬ್ಬರಲ್ಲೂ 22.3 ಇದ್ದರೂ, ದೇಹದ ಕೊಬ್ಬು ಯಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2 ಇತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು 1934ರಿಂದ ಜತನವಾಗಿ ಬರೆದಿಟ್ಟ ನವಜಾತ ಶಿಶುಗಳ ತೂಕ, ಉದ್ದಗಳ ದಾಖಲೆ ಈ ಚರ್ಚೆಗೆ ಅನಿರೀಕ್ಷಿತ ಬೆಳಕು ಬೀರಿತು. ಆ ಶಿಶುಗಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಇಂಗ್ಲೆಂಡಿನಲ್ಲಿ ಕಂಡಂತೆ ತೂಕ ಕಡಿಮೆಯಿದ್ದವರಲ್ಲಲ್ಲ, ಹುಟ್ಟುವಾಗ ಗಿಡ್ಡವಾಗಿ ಉದ್ದಕ್ಕೆ ಮೀರಿ ದುಂಡಗಿದ್ದವರಲ್ಲಿ ಮತ್ತು ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಹೆಚ್ಚೆಂದು 1998ರಲ್ಲಿ ಪ್ರಕಟವಾಯಿತು. ಹೆರಿಗೆ ವಾರ್ಡಿನ ದಿನನಿತ್ಯದ ಬರವಣಿಗೆಯು ಅರ್ಧ ಶತಮಾನದ ಬಳಿಕ ವಿಜ್ಞಾನಕ್ಕೆ ಸಾಕ್ಷಿ ನುಡಿದದ್ದು ಕನ್ನಡ ನಾಡು ಹೆಮ್ಮೆಪಡಬೇಕಾದ ಸಂಗತಿ.

ಐದನ್ನು ಬಿಡಿಬಿಡಿಯಾಗಿ ಚಿಕಿತ್ಸಿಸಿದರೆ ಸಾಲದೇ, ಒಟ್ಟು ಹೆಸರೊಂದು ಏಕೆ ಬೇಕು ಎಂದು 2005ರಲ್ಲಿ ಅಮೆರಿಕ ಮತ್ತು ಯುರೋಪಿನ ಮಧುಮೇಹ ಸಂಘಗಳು ಆಕ್ಷೇಪಿಸಿದವು. ಹೆಸರಿನ ಉಪಯೋಗವನ್ನು ರೀವನ್ ಕೂಡ ಶಂಕಿಸಿದನು. ಆ ವಾದದಲ್ಲಿ ಹುರುಳಿದೆ. ಆದರೂ ಒಂದು ದೋಷ ಕಂಡಲ್ಲಿ ಉಳಿದ ನಾಲ್ಕನ್ನೂ ಹುಡುಕಬೇಕೆಂಬ ಎಚ್ಚರವನ್ನು ವೈದ್ಯರಲ್ಲಿ ಬೆಳೆಸಿದ್ದು ಆ ಹೆಸರೇ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ಅದೇ 2005ರಲ್ಲಿ ದಕ್ಷಿಣ ಏಷ್ಯಾದವರಿಗೆ ನಿಗದಿಪಡಿಸಿದ ಸೊಂಟದ ಗಡಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್; ಅದನ್ನು ಅಳೆಯುವುದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟ ಮೇಲೆ.