ಬೂದಿ ಮುಚ್ಚಿದ ಕೆಂಡವನ್ನು ಕಾಣುವ ಕಣ್ಣು

ಒಲೆ ಆರಿದೆಯೋ ಇಲ್ಲವೋ ತಿಳಿಯಲು ನಮ್ಮ ಅಜ್ಜಿಯಂದಿರು ಬೂದಿಯನ್ನು ಕೆದಕುತ್ತಿರಲಿಲ್ಲ. ಮೇಲೆ ಅಂಗೈ ಹಿಡಿದರೆ ಸಾಕಿತ್ತು. ದೋಸೆಕಾವಲಿ ಕಾದಿದೆಯೇ ಎಂದು ನೋಡಲು ಎರಡು ಹನಿ ನೀರು, ಮಗುವಿನ ಜ್ವರ ನೋಡಲು ಮುಂಗೈ. ಕಣ್ಣಿಗೆ ಕಾಣದ ಕಾವನ್ನು ಅಳೆಯುವ ಈ ಉಪಾಯಗಳ ದೂರದ ಸಂಬಂಧಿಯೊಂದು ಇಂದು ಕತಾರಿನ ವಿದ್ಯುತ್ ಉಪಕೇಂದ್ರಗಳಲ್ಲಿ, ಮೆಸಯೀದ್ ಮತ್ತು ರಾಸ್ ಲಫಾನ್‌ಗಳ ಸ್ಥಾವರಗಳಲ್ಲಿ ದುಡಿಯುವವರ ಕೈಯಲ್ಲಿದೆ. ಅದೇ ಥರ್ಮಲ್ ಕ್ಯಾಮೆರಾ. ಅದನ್ನು ದಿನವೂ ಹಿಡಿಯುವ ಮಿತ್ರರಿಗೂ ಅದರ ಇತಿಹಾಸ ಕುತೂಹಲಕಾರಿ ಎನಿಸೀತು.

ಕಥೆ ಆರಂಭವಾಗುವುದು 1800ರಲ್ಲಿ, ಇಂಗ್ಲೆಂಡಿನ ಸ್ಲೌ ಎಂಬಲ್ಲಿ. ವಿಲಿಯಂ ಹರ್ಷೆಲ್ ಜರ್ಮನಿಯ ಹ್ಯಾನೋವರಿನಲ್ಲಿ ಹುಟ್ಟಿ, ಹೊಟ್ಟೆಪಾಡಿಗೆ ಪರದೇಶಕ್ಕೆ ಬಂದ ಸಂಗೀತಗಾರ. ನಮ್ಮಂತೆಯೇ ವಲಸಿಗ! ಹವ್ಯಾಸಕ್ಕೆಂದು ಹಿಡಿದ ಖಗೋಳಶಾಸ್ತ್ರದಲ್ಲಿ 1781ರಲ್ಲಿ ಯುರೇನಸ್ ಗ್ರಹವನ್ನೇ ಕಂಡುಹಿಡಿದ. ಸೂರ್ಯನನ್ನು ಬಣ್ಣದ ಗಾಜುಗಳ ಮೂಲಕ ನೋಡುವಾಗ ಒಂದೊಂದು ಗಾಜಿನಲ್ಲಿ ಒಂದೊಂದು ಬಗೆಯ ಶಾಖ ತಟ್ಟುವುದು ಅವನ ಗಮನಕ್ಕೆ ಬಂತು. ಕೂಡಲೇ ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣವಾಗಿ ಒಡೆದು, ಬುರುಡೆಗೆ ಕಪ್ಪು ಬಳಿದ ಉಷ್ಣತಾಮಾಪಕವನ್ನು ಒಂದೊಂದು ಬಣ್ಣದಲ್ಲೂ ಇಟ್ಟು ನೋಡಿದ. ನೇರಳೆಗಿಂತ ಹಸಿರಿನಲ್ಲಿ, ಹಸಿರಿಗಿಂತ ಕೆಂಪಿನಲ್ಲಿ ಶಾಖ ಹೆಚ್ಚು. ಕೆಂಪಿನಾಚೆ ಏನೂ ಕಾಣದ ಕತ್ತಲಲ್ಲಿಟ್ಟಾಗ ಪಾದರಸ ಇನ್ನೂ ಮೇಲೇರಿತು. ಕಾಣದ ಬೆಳಕೊಂದಿದೆ ಎಂಬುದು ಹೀಗೆ ಗೊತ್ತಾಯಿತು. ನಮ್ಮ ಪಠ್ಯಪುಸ್ತಕಗಳು ಅದನ್ನೇ ಅವಕೆಂಪು ಕಿರಣ ಎಂದವು. 1840ರಲ್ಲಿ ಹರ್ಷೆಲನ ಮಗ ಜಾನ್, ಈ ಕಿರಣಗಳ ಕಾವಿನಿಂದ ತೆಳು ದ್ರವಪದರವನ್ನು ಆವಿಯಾಗಿಸಿ ಶಾಖದ ಚಿತ್ರವನ್ನೇ ಮೂಡಿಸಿದ. 1880ರ ಹೊತ್ತಿಗೆ ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಬೊಲೋಮೀಟರ್ ರೂಪಿಸಿದ. ಕಿರಣ ಬಿದ್ದಾಗ ಲೋಹದ ತೆಳುಪಟ್ಟಿ ಬಿಸಿಯಾಗಿ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯೇ ಅಳತೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆ ಯುದ್ಧದ ಕೈಗೆ ಹೋಯಿತು. ಕತ್ತಲಲ್ಲಿ ಶತ್ರುವನ್ನು ಕಾಣುವುದೇ ಗುರಿಯಾಗಿ, ದಶಕಗಟ್ಟಲೆ ಗುಟ್ಟಾಗಿ ಬೆಳೆಯಿತು. ಜನಸಾಮಾನ್ಯರ ಕೆಲಸಕ್ಕೆ ಅದನ್ನು ಮಾರುಕಟ್ಟೆಗೆ ತಂದದ್ದು ಸ್ವೀಡನ್ನಿನ ಆಗಾ ಕಂಪನಿ, 1965ರಲ್ಲಿ, ವಿದ್ಯುತ್ ತಂತಿಗಳ ತಪಾಸಣೆಗಾಗಿ. ಈ ಕಂಪನಿಯನ್ನು ಬೆಳೆಸಿದ ಗುಸ್ತಾಫ್ ಡಾಲೆನ್, ಹಗಲಾದೊಡನೆ ದೀಪಸ್ತಂಭವನ್ನು ತಾನಾಗಿಯೇ ಆರಿಸುವ ಸೂರ್ಯಕವಾಟವನ್ನು ಕಂಡುಹಿಡಿದಿದ್ದ. ಅದರ ಗುಟ್ಟೂ ಕಪ್ಪು ಬಳಿದ ಒಂದು ಲೋಹದ ಸರಳು. 1912ರಲ್ಲಿ ಅವನಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಅದೇ ವರ್ಷ ಪ್ರಯೋಗದ ವೇಳೆ ನಡೆದ ಸ್ಫೋಟದಲ್ಲಿ ಎರಡೂ ಕಣ್ಣು ಹೋದವು. ಕಣ್ಣಿಲ್ಲದೆಯೇ 1937ರಲ್ಲಿ ಸಾಯುವವರೆಗೆ ಕಂಪನಿ ನಡೆಸಿದ. ಕಾಣದ್ದನ್ನು ಕಾಣಿಸುವ ಯಂತ್ರ ಆ ಕುರುಡನ ಮನೆಯಿಂದಲೇ ಬಂದದ್ದು ಇತಿಹಾಸದ ವಿಚಿತ್ರ!

ಆ ಕಾಲದ ಯಂತ್ರಗಳ ಸಂವೇದಕವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ತಣ್ಣಗಿಡಬೇಕಿತ್ತು. 1990ರ ದಶಕದಲ್ಲಿ ಸೇನೆಯ ಬೀಗಮುದ್ರೆ ತೆಗೆದ ಮೇಲೆ ಬಂದ ಮೈಕ್ರೋಬೊಲೋಮೀಟರಿಗೆ ಈ ಉಪಚಾರ ಬೇಡವಾಯಿತು. ಲ್ಯಾಂಗ್ಲಿಯ ಪಟ್ಟಿಯನ್ನೇ ಕೂದಲೆಳೆಗಿಂತ ಚಿಕ್ಕದಾಗಿಸಿ ಸಾವಿರಗಟ್ಟಲೆ ಜೋಡಿಸಿದಂತೆ ಅದು. ಕ್ಯಾಮೆರಾ ಅಂಗೈಗೆ ಬಂತು.

ಕೈಗೆ ಬಂದ ಮಾತ್ರಕ್ಕೆ ವಿದ್ಯೆ ಬಂದಂತಾಗಲಿಲ್ಲ. ಈ ಕ್ಯಾಮೆರಾ ಉಷ್ಣತೆಯನ್ನು ನೇರವಾಗಿ ನೋಡುವುದಿಲ್ಲ. ಬಂದ ಕಿರಣವನ್ನು ಎಣಿಸಿ ಲೆಕ್ಕ ಹಾಕುತ್ತದೆ. ಹೊಳೆಯುವ ತಾಮ್ರ, ಅಲ್ಯೂಮಿನಿಯಂ ತಮ್ಮ ಕಾವನ್ನು ಅಡಗಿಸಿ ಸುತ್ತಲಿನದನ್ನು ಪ್ರತಿಫಲಿಸುತ್ತವೆ. ಸುಡುವ ಕಂಬಿ ತಣ್ಣಗಿದೆ ಎನ್ನಿಸೀತು, ತಣ್ಣಗಿರುವುದು ಬಿಸಿಲು ಬಿದ್ದು ಬೆಂಕಿಯಂತೆ ಕಂಡೀತು. ಮೂರು ಹಂತಗಳ ತರಬೇತಿ ಮತ್ತು ಪ್ರಮಾಣಪತ್ರದ ಪದ್ಧತಿ ಬೆಳೆದದ್ದು ಇದಕ್ಕೇ. 2008ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯೂ ಅದಕ್ಕೊಂದು ಮಾನಕ ಹೊರಡಿಸಿತು. ಅಲ್ಲಿ ಕಲಿಯುವ ಪಾಠಗಳು ಕತಾರಿಗೆ ಹೇಳಿ ಮಾಡಿಸಿದಂತಿವೆ: ಹೊರಾಂಗಣದ ತಪಾಸಣೆ ಸೂರ್ಯ ಮುಳುಗಿದ ಮೇಲೆ ಮಾಡಬೇಕು, ಕೊಲ್ಲಿಯ ಗಾಳಿ ಬಿಸಿ ಕೀಲನ್ನು ತಣಿಸಿ ಮೋಸಗೊಳಿಸೀತು, ಅರ್ಧ ಹೊರೆಯಲ್ಲಿ ಸಡಿಲ ಕೀಲಿನಲ್ಲಿ ಹುಟ್ಟುವ ಶಾಖ ಪೂರ್ಣ ಹೊರೆಯ ಕಾಲುಭಾಗ ಮಾತ್ರ, ಚಳಿಗಾಲದಲ್ಲಿ ಸಾಧುವಾಗಿ ಕಂಡದ್ದು ಜುಲೈನಲ್ಲಿ, ಊರಿನ ಏಸಿಗಳೆಲ್ಲ ಓಡುವಾಗ, ಕರಗಿ ಬಿದ್ದೀತು.

ಕಾಣದ ದೋಷದ ಬೆಲೆ ಈ ನೆಲಕ್ಕೆ ಹೊಸದಲ್ಲ. 1977ರ ಏಪ್ರಿಲ್ 3ರಂದು ಉಮ್ ಸಯೀದ್‌ನಲ್ಲಿ, ಅಂದರೆ ಇಂದಿನ ಮೆಸಯೀದ್‌ನಲ್ಲಿ, ಶೀತಲೀಕರಿಸಿದ ಪ್ರೊಪೇನಿನ ದೊಡ್ಡ ಟ್ಯಾಂಕೊಂದು ಒಡೆದು ಹೊತ್ತಿ ಉರಿಯಿತು. ಜೀವಗಳೂ ಹೋದವು. ಒಂದು ಕ್ಯಾಮೆರಾ ಅದನ್ನು ತಪ್ಪಿಸುತ್ತಿತ್ತು ಎಂದು ಹೇಳಲಾಗದು. ಆದರೆ ಹೊರಗಿನಿಂದ ಸರಿಯಾಗಿ ಕಂಡದ್ದೆಲ್ಲ ಸರಿಯಿರುವುದಿಲ್ಲ ಎಂಬ ಪಾಠ ಉಳಿಯಿತು. 1996ರಲ್ಲಿ ಕತಾರಿನ ಮೊದಲ ದ್ರವೀಕೃತ ಅನಿಲದ ಹಡಗು ಜಪಾನಿಗೆ ಹೊರಟಿತು. ಮೈನಸ್ 162 ಡಿಗ್ರಿಯ ಆ ದ್ರವ ಹರಿಯುವ ಕೊಳವೆಯ ಹೊದಿಕೆ ಎಲ್ಲಿ ಕೆಟ್ಟಿದೆಯೋ ಅಲ್ಲಿ ಕ್ಯಾಮೆರಾದಲ್ಲಿ ತಣ್ಣನೆಯ ಕಲೆ ಕಾಣುತ್ತದೆ. ಬಣ್ಣವೂ ಇಲ್ಲದ, ವಾಸನೆಯೂ ಇಲ್ಲದ ಮೀಥೇನ್ ಸೋರಿದರೆ ವಿಶೇಷ ಕ್ಯಾಮೆರಾದಲ್ಲಿ ಹೊಗೆಯಂತೆ ಕಾಣುತ್ತದೆ.

ಇದೆಲ್ಲ ಯಂತ್ರದ ಜ್ವರ. ಮನುಷ್ಯನ ಜ್ವರದತ್ತ ಈ ಕಣ್ಣು ತಿರುಗಿದ್ದನ್ನು 2020ರಲ್ಲಿ ಎಲ್ಲರೂ ಕಂಡೆವು. ಹಮದ್ ವಿಮಾನ ನಿಲ್ದಾಣದ ಸಿಬ್ಬಂದಿ ಥರ್ಮಲ್ ಕ್ಯಾಮೆರಾ ಇರುವ ಹೆಲ್ಮೆಟ್ ಧರಿಸಿ ಪ್ರಯಾಣಿಕರನ್ನು ನೋಡುತ್ತಿದ್ದರು. ಅದಕ್ಕೆ ತಿಳಿಯುತ್ತಿದ್ದುದು ಚರ್ಮದ ಕಾವು ಮಾತ್ರ, ಸೋಂಕಲ್ಲ.

ಬಿಸಿಲಲ್ಲಿ ದುಡಿಯುವ ಮೈಯನ್ನು ಅಳೆಯುವುದಕ್ಕೆ ಬೇರೆಯೇ ಉಪಕರಣ ಬೇಕಾಯಿತು. 2007ರ ಆದೇಶ ಗಡಿಯಾರವನ್ನು ನಂಬಿತ್ತು: ಜೂನ್ 15ರಿಂದ ಆಗಸ್ಟ್ 31ರವರೆಗೆ, ಬೆಳಗ್ಗೆ 11.30ರಿಂದ ಮಧ್ಯಾಹ್ನ 3ರವರೆಗೆ ಹೊರಗಿನ ಕೆಲಸ ಬೇಡ. 2021ರ ಆದೇಶ ಅದನ್ನು ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, 10ರಿಂದ 3.30ಕ್ಕೆ ವಿಸ್ತರಿಸಿತು. ಜೊತೆಗೆ ಇನ್ನೊಂದು ಮಾತು ಸೇರಿಸಿತು: ತೇವ, ಬಿಸಿಲು, ಗಾಳಿಯ ಉಷ್ಣತೆ ಮೂರನ್ನೂ ಕೂಡಿಸಿದ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಬೇಕು. ಈ ಸೂಚ್ಯಂಕದ ಹತ್ತರಲ್ಲಿ ಏಳು ಪಾಲು ಒದ್ದೆ ಬಟ್ಟೆ ಸುತ್ತಿದ ಉಷ್ಣತಾಮಾಪಕದ್ದು, ಏಕೆಂದರೆ ಬೆವರು ಆರದಿದ್ದರೆ ಮೈ ತಣಿಯದು. ಎರಡು ಪಾಲು ಬಿಸಿಲಲ್ಲಿಟ್ಟ ಒಂದು ಕಪ್ಪು ಗೋಲದ್ದು. ಉಳಿದ ಒಂದು ಪಾಲು ಮಾತ್ರ ನಾವು ಸುದ್ದಿಯಲ್ಲಿ ಕೇಳುವ ಗಾಳಿಯ ಉಷ್ಣತೆ.

ಆ ಕಪ್ಪು ಗೋಲ ಹರ್ಷೆಲನ ಕಪ್ಪು ಬುರುಡೆಯ ಮರಿಮಗುವೇ ಸರಿ. ಇನ್ನೂರು ವರ್ಷಗಳಲ್ಲಿ ಅದೇ ವಿದ್ಯೆ ನಕ್ಷತ್ರದಿಂದ ತಂತಿಗೆ, ತಂತಿಯಿಂದ ಕಾರ್ಮಿಕನ ಬಳಿಗೆ ಬಂದಿದೆ. ಯಂತ್ರದ ಕೀಲು ಕಾಯುವುದನ್ನು ಗುರುತಿಸಲು ಇಷ್ಟು ಜಾಣರಾದ ನಾವು, ಅದನ್ನು ಬಿಗಿಮಾಡುವವನ ಮೈ ಕಾಯುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಎಷ್ಟೊಂದು ತಡಮಾಡಿದೆವು!

ಈ ತರಬೇತಿಯ ಕೋಷ್ಟಕದಲ್ಲಿ ಒಂದು ಸಾಲಿದೆ. ಉಕ್ಕು, ತಾಮ್ರ, ಗಾಜು ಒಂದೊಂದೂ ಕಿರಣ ಸೂಸುವ ಬಗೆ ಬೇರೆ ಬೇರೆ, ತುಕ್ಕು ಹಿಡಿದರೆ ಇನ್ನೂ ಬೇರೆ. ಮನುಷ್ಯನ ಚರ್ಮಕ್ಕೆ ಮಾತ್ರ ಒಂದೇ ಅಂಕಿ, ಸುಮಾರು 0.98. ಕರಿಯರಿಗೊಂದು, ಬಿಳಿಯರಿಗೊಂದು ಎಂದು ಎರಡಿಲ್ಲ. ಎಂಜಿನಿಯರನೋ ಸಹಾಯಕನೋ, ಸ್ಥಳೀಯನೋ ವಲಸಿಗನೋ, ಆ ಕ್ಯಾಮೆರಾಕ್ಕೆ ಎಲ್ಲರೂ ಒಂದೇ ಬಗೆಯಲ್ಲಿ ಹೊಳೆಯುವ ಜೀವ.