ಯಲಹಂಕ ಬಾಗಿಲು ಮತ್ತು ೩೩೮೯

ಯಲಹಂಕ ನಾಡಪ್ರಭು ಕೆಂಪೇಗೌಡರು ೧೫೩೭ರಲ್ಲಿ ಬೆಂಗಳೂರಿಗೆ ಮಣ್ಣಿನ ಕೋಟೆ ಕಟ್ಟಿಸಿದರೆಂಬುದೂ, ಅದರ ಉತ್ತರದ ಬಾಗಿಲಿಗೆ ಯಲಹಂಕ ಬಾಗಿಲೆಂದೇ ಹೆಸರಾಯಿತೆಂಬುದೂ ವಾಚಕರಿಗೆ ತಿಳಿದ ಸಂಗತಿಯೇ. ವ್ಯಾಪಾರಕ್ಕೆ ಬಾಗಿಲು ತೆರೆದಿರಬೇಕು. ಬಂದವನು ಯಾರೆಂದು ಕೇಳುವ ಕಾವಲೂ ಇರಬೇಕು. ಯಲಹಂಕಕ್ಕೆ ಹೋಗುವ ಹಾದಿಯ ಹೆಬ್ಬಾಳದ ಬಳಿ ಈಗ ಮಾನ್ಯತಾ ಟೆಕ್ ಪಾರ್ಕ್ ಇದೆ. ಅಲ್ಲಿಯ ಕಂಪ್ಯೂಟರನ್ನು ಆರ್.ಟಿ. ನಗರದ ಮನೆಯಲ್ಲಿ ಕುಳಿತು ನಡೆಸಬಹುದು. ರಿಮೋಟ್ ಡೆಸ್ಕ್‌ಟಾಪ್ ಎಂಬ ಈ ಏರ್ಪಾಟಿಗೂ ಕಾವಲಿನ ಚಿಂತೆ ತಪ್ಪಿದ್ದಲ್ಲ.

ಮೊದಮೊದಲು ಆ ಚಿಂತೆ ಅಷ್ಟಾಗಿರಲಿಲ್ಲ. ೧೯೮೫ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಉಪಗ್ರಹದ ಮೂಲಕ ಅಮೆರಿಕದೊಡನೆ ಸಂಪರ್ಕ ಪಡೆಯಿತು. ಅದರ ಆಂಟೆನಾ ಎತ್ತಿನ ಗಾಡಿಯಲ್ಲಿ ಬಂದ ಕಥೆ ಪ್ರಸಿದ್ಧವಾಗಿದೆ. ಅದು ಸಂಸ್ಥೆಯ ಸ್ವಂತ ಹಾದಿ. ಅನ್ಯರು ಸುಳಿಯುವ ಸಂಭವ ಕಡಮೆ. ೧೯೯೫ರ ಆಗಸ್ಟ್ ೧೫ರಂದು ವಿದೇಶ್ ಸಂಚಾರ್ ನಿಗಮ್ ಇಂಟರ್‌ನೆಟ್ಟನ್ನು ಜನಸಾಮಾನ್ಯರಿಗೆ ಒದಗಿಸಿದ ಮೇಲೆ ಹಾದಿ ಎಲ್ಲರದಾಯಿತು. ಅದೇ ವರ್ಷ ಫಿನ್‌ಲೆಂಡಿನ ತಾತು ಯುಲೋನೆನ್, ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳು ಕಳವಾದುದನ್ನು ಕಂಡು, ಮಾತನ್ನೆಲ್ಲ ಗೂಢಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಎಂಬ ಕ್ರಮವನ್ನು ರಚಿಸಿದರು.

೧೯೯೮ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ ಎನ್‌ಟಿಯ ಮೂಲಕ ದೂರದ ಪರದೆಯನ್ನು ಬಳಕೆಗೆ ತಂದಿತು. ಈ ಏರ್ಪಾಟಿನ ಬಾಗಿಲಿನ ಸಂಖ್ಯೆ ೩೩೮೯. ಅದನ್ನು ಕೆಲಸಗಾರರು ಬಲ್ಲಂತೆ ಕಳ್ಳರೂ ಬಲ್ಲರು. ಆರಂಭದಲ್ಲಿ ಬಂದವನನ್ನು ಪಡಸಾಲೆಯವರೆಗೆ ಬಿಟ್ಟುಕೊಂಡು ಆಮೇಲೆ ಹೆಸರು ಕೇಳುವ ಪದ್ಧತಿಯಿತ್ತು. ಹೊಸ್ತಿಲಾಚೆಯೇ ನಿಲ್ಲಿಸಿ ಗುರುತು ಕೇಳುವ ಕ್ರಮ ವಿಂಡೋಸ್ ವಿಸ್ಟಾದ ಕಾಲಕ್ಕೆ ಬಂದಿತು. ಅದರ ಬೆಲೆ ಎಷ್ಟೆಂಬುದು ೨೦೧೯ರ ಮೇ ತಿಂಗಳಲ್ಲಿ ತಿಳಿಯಿತು. ಆಗ ಬಯಲಾದ ‘ಬ್ಲೂಕೀಪ್’ ಎಂಬ ಬಿರುಕಿನಿಂದ, ಪಾಸ್‌ವರ್ಡ್ ಇಲ್ಲದೆಯೇ ಹಳೆಯ ವಿಂಡೋಸಿನೊಳಕ್ಕೆ ನುಗ್ಗಬಹುದಾಗಿತ್ತು. ಬೆಂಬಲ ನಿಂತುಹೋಗಿದ್ದ ಎಕ್ಸ್‌ಪಿಗೂ ಸಂಸ್ಥೆ ತೇಪೆ ಹಾಕಿಕೊಡಬೇಕಾಯಿತು.

ಮರುವರ್ಷವೇ ಕೋವಿಡ್ ಬಂದಿತು. ಸೇವಾ ಸಂಸ್ಥೆಗಳವರು ಮನೆಯಿಂದ ಕೆಲಸ ಮಾಡುವುದಕ್ಕಿದ್ದ ಷರತ್ತುಗಳನ್ನು ದೂರಸಂಪರ್ಕ ಇಲಾಖೆ ೨೦೨೦ರ ಮಾರ್ಚಿಯಲ್ಲಿ ಸಡಿಲಿಸಿ, ನವೆಂಬರಿನಲ್ಲಿ ಬಹುಮಟ್ಟಿಗೆ ತೆಗೆದುಹಾಕಿತು. ಕಚೇರಿಯ ಬಾಗಿಲು ಮನೆಮನೆಯಲ್ಲೂ ತೆರೆಯಿತು. ಕಾವಲಿನ ಹೊಣೆಯೂ ಮನೆಗೆ ಬಂದಿತು. ೩೩೮೯ನ್ನು ನೇರವಾಗಿ ಬೀದಿಗೆ ತೆರೆಯದೆ ವಿಪಿಎನ್ ಎಂಬ ಖಾಸಗಿ ಹಾದಿಯ ಹಿಂದಿಡುವುದು, ಪಾಸ್‌ವರ್ಡಿನ ಜೊತೆಗೆ ಫೋನಿಗೆ ಬರುವ ಎರಡನೆಯ ಗುರುತನ್ನೂ ಕೇಳುವುದು, ತೇಪೆಗಳನ್ನು ತಡಮಾಡದೆ ಹಾಕುವುದು, ಪದೇ ಪದೇ ತಪ್ಪು ಹೇಳುವವನಿಗೆ ಅಗಳಿ ಜಡಿಯುವುದು: ಇವೇ ಇಂದಿನ ಕಾವಲು.

ಇವುಗಳಲ್ಲಿ ಒಂದನ್ನು ಬಿಟ್ಟರೇನಂತೆ ಎನ್ನುವವರುಂಟು. ಬೆಂಗಳೂರಿನ ಪೇಟೆಗೆ ಬಾಗಿಲುಗಳು ಹಲವಿದ್ದವು. ೧೭೯೧ರ ಮಾರ್ಚ್ ೭ರಂದು ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲೊಂದನ್ನು ಮುರಿಯಿತು. ಪೇಟೆಯೇ ಅದರ ವಶವಾಯಿತು.