ನಾಲಬಂದನ ಮೊಣಕಾಲು

ಧಾರವಾಡದ ಕೋಟೆಯ ಮುತ್ತಿಗೆಯ ಕಥೆ ಓದುವಾಗಲೆಲ್ಲ ನನ್ನನ್ನೊಂದು ಪ್ರಶ್ನೆ ಕಾಡುತ್ತದೆ. 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವೂ ಪಟವರ್ಧನನ ಮರಾಠಾ ದಂಡು ಟೀಪುವಿನ ಕೈಯಲ್ಲಿದ್ದ ಈ ಕೋಟೆಯನ್ನು ಮುತ್ತಿತು. ಒಳಗಿದ್ದ ಬದ್ರುಜ್ಜಮಾನ್ ಖಾನನು 1791ರ ಏಪ್ರಿಲ್‌ವರೆಗೂ ಎದುರಿಸಿ ನಿಂತನು. ಸರದಾರರ ಹೆಸರುಗಳನ್ನು ನಾನು ಓದಿದ್ದೇನೆ, ತೋಪುಗಳ ವರ್ಣನೆಯನ್ನೂ ಓದಿದ್ದೇನೆ. ಅಷ್ಟು ತಿಂಗಳು ಇಲ್ಲಿ ಬೀಡುಬಿಟ್ಟಿದ್ದ ದಂಡಿನ ಕುದುರೆಗಳ ಗೊರಸನ್ನು ಕೆತ್ತಿದವರಾರು? ಗೊರಸು ನಮ್ಮ ಉಗುರಿನಂತೆ ಬೆಳೆಯುವಂಥದು. ಆರೆಂಟು ವಾರಕ್ಕೊಮ್ಮೆ ಅದನ್ನು ನೋಡಿಕೊಳ್ಳದಿದ್ದರೆ ಎಂಥ ಕುದುರೆಯೂ ಕುಂಟೀತು.

ಈ ಕೆಲಸದವನಿಗೆ ನಮ್ಮ ಕಡೆ ನಾಲಬಂದನೆಂದು ಹೆಸರು. ‘ನಾಲ್’ ಎಂದರೆ ಅರಬ್ಬಿಯಲ್ಲಿ ಲಾಳ. ‘ಬಂದ್’ ಎಂದರೆ ಪಾರಸಿಯಲ್ಲಿ ಕಟ್ಟುವವನು. ಅವನ ಬೆಲೆಯನ್ನು ಅರಿತವರು ಕುದುರೆಯ ವರ್ತಕರು. 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೋ ಬರೆದಿದ್ದಾನೆ: ಹಡಗಿನಲ್ಲಿ ಕುದುರೆ ತರುತ್ತಿದ್ದ ವರ್ತಕರು ಲಾಳ ಕಟ್ಟುವವರನ್ನು ಮಾತ್ರ ಅತ್ತ ಬರಗೊಡುತ್ತಿರಲಿಲ್ಲವಂತೆ. ಕುದುರೆಗಳು ಸತ್ತಷ್ಟೂ ಅವರಿಗೆ ವ್ಯಾಪಾರ!

ನಾನು ಹುಡುಗನಾಗಿದ್ದಾಗ ಹುಬ್ಬಳ್ಳಿಯಲ್ಲಿ ಟಾಂಗಾಗಳಿದ್ದವು. ಬೇವಿನ ಮರದಡಿ ಕೂಡುತ್ತಿದ್ದ ಒಬ್ಬ ಮುದುಕ ನಾಲಬಂದನನ್ನು ನಾವು ಕಾಕಾ ಎನ್ನುತ್ತಿದ್ದೆವು. ಎತ್ತಿಗಾದರೆ ಹಗ್ಗ ಹಾಕಿ ಕೆಡವಿ, ಕಾಲು ಬಿಗಿದು ಲಾಳ ಬಡಿಯುತ್ತಿದ್ದರು. ಕುದುರೆಯದು ಹಾಗಲ್ಲ, ಅದು ನಿಂತೇ ಇರಬೇಕು, ತಾನಾಗಿ ಕಾಲು ಕೊಡಬೇಕು. ಟಾಂಗಾದವನು ತಲೆಯ ಬಳಿ ನಿಲ್ಲುವನು. ಕಾಕಾ ಕುದುರೆಯ ಹೆಗಲಿಗೆ ಒತ್ತಿನಿಂತು, ಬಾಲದ ಕಡೆ ಮುಖಮಾಡಿ, ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿ, ಎತ್ತಿದ ಮುಂಗಾಲನ್ನು ತನ್ನ ಮೊಣಕಾಲುಗಳ ನಡುವೆ ಇರಿಸಿಕೊಳ್ಳುವನು. ಹಿಂಗಾಲಾದರೆ ತೊಡೆಯ ಮೇಲೆ. ಮುದಿ ಕುದುರೆಯ ಕಾಲನ್ನು ಹೆಚ್ಚು ಎತ್ತುತ್ತಿರಲಿಲ್ಲ. ಅದು ಮೈಭಾರ ಹಾಕತೊಡಗಿದರೆ ಇಳಿಸಿ, ಸುಧಾರಿಸಿಕೊಳ್ಳಲು ಬಿಡುತ್ತಿದ್ದ.

ಒಮ್ಮೆ ಹಟಮಾಡಿ ನಾನೂ ಹಿಂಗಾಲು ಹಿಡಿದೆ. ಪಕ್ಕಕ್ಕೆ ಜಗ್ಗಿದ್ದೇ ತಡ, ಕುದುರೆ ಕಾಲು ಕೊಡವಿತು. ನಾನು ಮಣ್ಣಿನಲ್ಲಿ ಕುಳಿತಿದ್ದೆ.

“ಹೊರಗ ಜಗ್ಗಬ್ಯಾಡೋ ತಮ್ಮಾ. ಮೂರು ಕಾಲ ಮ್ಯಾಲೆ ನಿಂತೈತಿ. ಬಿದ್ದೇನು ಅಂತ ಅದಕ್ಕೂ ಅಂಜಿಕಿ ಇರತೈತಿ.”

“ಒದ್ದರ ಏನ್ ಮಾಡೂದು ಕಾಕಾ?”

“ಅಂಜಿದ್ದs ಒದೀತೈತಿ. ನೀ ಅಂಜಸಬ್ಯಾಡ.”

ಹಗ್ಗದಿಂದ ಆಗುವ ಕೆಲಸವನ್ನು ಹಗ್ಗವಿಲ್ಲದೆ ಮಾಡುವ ಈ ವಿದ್ಯೆ ಕೈಯಿಂದ ಕೈಗೆ ಬಂದದ್ದು. ಟಾಂಗಾಗಳು ಹೋದ ಮೇಲೆ ಕೊಡುವ ಕೈಯೂ ಇಲ್ಲ, ಕೊಳ್ಳುವ ಕೈಯೂ ಇಲ್ಲ.

ಈಚೆಗೆ ಬ್ಯಾಂಕೊಂದರಲ್ಲಿ ತರುಣನೊಬ್ಬನ ಎದೆಯ ಪಟ್ಟಿಯ ಮೇಲೆ ‘ನಾಲಬಂದ’ ಎಂಬ ಅಡ್ಡಹೆಸರು ಕಂಡೆ. ಅರ್ಥ ಕೇಳಿದೆ. “ಗೊತ್ತಿಲ್ರೀ ಸರ, ಹಳೇದರೀ,” ಎಂದು ನಕ್ಕ. ನನ್ನ ಹಿಂದೆ ಸರದಿ ಬೆಳೆದಿತ್ತು. ಆದರೂ ಕಾಕಾ ಕಾಲು ಹಿಡಿಯುತ್ತಿದ್ದ ರೀತಿಯನ್ನು ಅವನಿಗೆ ಅಲ್ಲಿಯೇ ನಿಂತು ಹೇಳಿ ಬಂದೆ.